ಒಂದೇ ಟ್ರಂಕು, ಜೋಡಿ ಪದಕ: ಯುದ್ಧಕ್ಕೆ ಹೋದ ಅಜ್ಜ ಯಾರು?

ಪ್ರಶ್ನೆ: ಈ ಸಲ ನಮ್ಮ ಆಯುಧಹಬ್ಬ ಕೈಲ್‌ಪೊಳ್ದ್‌ಗೆ ಮುಂಚೆ ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆತನದ ಮೂಲಮನೆಯಾದ ಐನ್‌ಮನೆ ಶುಚಿ ಮಾಡುವಾಗ ಅಟ್ಟದಲ್ಲಿ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಅಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿದ್ದರೆಂದು ಗೊತ್ತು, ಅದಕ್ಕಿಂತ ಹೆಚ್ಚು ಅವರು ಬಾಯಿ ಬಿಟ್ಟವರಲ್ಲ. ಟ್ರಂಕಿನಲ್ಲಿ ನಕ್ಷತ್ರದಾಕಾರದ ಮೂರು ಪದಕಗಳಿವೆ. ಎರಡು ಒಂದೇ ಥರ, ಮೂರನೆಯದರಲ್ಲಿ ಬರ್ಮಾ ಸ್ಟಾರ್ ಎಂದಿದೆ. ಸಿಂಹದ ಚಿತ್ರವಿರುವ ದುಂಡನೆಯ ಪದಕ ಎರಡಿವೆ. ಗೆದ್ದಲು ತಿಂದು ಅರ್ಧ ಉಳಿದ ಡಿಸ್ಚಾರ್ಜ್ ಸರ್ಟಿಫಿಕೇಟಿನಲ್ಲಿ ಆರ್.ಐ.ಎ.ಎಸ್.ಸಿ. ಎಂಬ ಅಕ್ಷರ ಕಾಣುತ್ತದೆ. ಅಜ್ಜಿಗೆ ನೇರಳೆ ಪೆನ್ಸಿಲಿನಲ್ಲಿ ಬರೆದ ಒಂದು ಕಟ್ಟು ಕಾಗದ, ಕೆಲವು ಜಪಾನೀ ನೋಟು, ಐವರು ಸೈನಿಕರ ಒಂದು ಫೋಟೋ ಸಹ ಇವೆ. ಅಜ್ಜ ಬರ್ಮಾದಲ್ಲಿ ಜನರಲ್ ತಿಮ್ಮಯ್ಯನವರ ಜೊತೆ ಹೋರಾಡಿದರು ಎಂದು ದೊಡ್ಡಪ್ಪ ಹೇಳುತ್ತಾರೆ. ಇಲ್ಲ, ಸಿಂಗಾಪುರದಲ್ಲಿ ಸೆರೆಸಿಕ್ಕು ನೇತಾಜಿ ಸೈನ್ಯ ಸೇರಿದ್ದರು ಎಂದು ಅತ್ತೆ ಹೇಳುತ್ತಾರೆ. ಸತ್ಯ ತಿಳಿಯುವುದು ಹೇಗೆ? ಪದಕ ಉಜ್ಜಿ ಫ್ರೇಮ್ ಹಾಕಿಸಬಹುದೇ? ಬೆಂಗಳೂರಿನವರೊಬ್ಬರು ಎಲ್ಲವನ್ನೂ ಒಟ್ಟಿಗೆ ಕೊಳ್ಳುತ್ತೇನೆ ಎನ್ನುತ್ತಿದ್ದಾರೆ, ಕೊಡಬಹುದೇ? (ಅಜ್ಜನ ತಮ್ಮನೊಬ್ಬರು ಮದುವೆಯಾಗದೆ ಐನ್‌ಮನೆಯಲ್ಲೇ ಇದ್ದು ತೀರಿಕೊಂಡರು. ಅವರ ಬಗ್ಗೆ ನಮಗೇನೂ ಗೊತ್ತಿಲ್ಲ.)

ಉತ್ತರ: ನೀವು ಕೇಳಿದ ಪ್ರಶ್ನೆ ಹಲವು, ಕಾಡುತ್ತಿರುವುದು ಮಾತ್ರ ಒಂದೇ: ದೊಡ್ಡಪ್ಪನ ಮಾತು ನಂಬಬೇಕೋ, ಅತ್ತೆಯ ಮಾತು ನಂಬಬೇಕೋ. ನಿಮ್ಮ ಪಟ್ಟಿ ಓದುವಾಗ ನನ್ನ ಕಣ್ಣು ನಿಂತದ್ದು ಬರ್ಮಾ ಸ್ಟಾರ್ ಮೇಲಲ್ಲ, ಸಿಂಹದ ಆ ಎರಡು ಪದಕಗಳ ಮೇಲೆ. ಅದರ ಹೆಸರು ವಾರ್ ಮೆಡಲ್ 1939–45. ಯುದ್ಧಕಾಲದಲ್ಲಿ 28 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆಲ್ಲ ಅದು ಸಿಗುತ್ತಿತ್ತು, ಆದರೆ ತಲೆಗೆ ಒಂದೇ. ಒಂದೇ ಥರ ಇವೆ ಎಂದು ನೀವು ಬರೆದ ನಕ್ಷತ್ರಗಳು ಬಹುಶಃ 1939–45 ಸ್ಟಾರ್. ಅದೂ ತಲೆಗೆ ಒಂದೇ. ಹಾಗಾದರೆ ಈ ಟ್ರಂಕಿನಲ್ಲಿ ಇಬ್ಬರು ಸೈನಿಕರ ಸಾಮಾನು ಸೇರಿಕೊಂಡಿದೆ. ಕಂಸದೊಳಗೆ ಹಾಕಿ ಮುಗಿಸಿದ ಆ ಚಿಕ್ಕಜ್ಜ ಯುದ್ಧದ ವರ್ಷಗಳಲ್ಲಿ ಎಲ್ಲಿದ್ದರು ಎಂದು ಮನೆಯಲ್ಲಿ ಯಾರಾದರೂ ಕೇಳಿದ್ದೀರಾ?

ಒಕ್ಕದ (ಒಂದೇ ಮನೆತನದ) ಟ್ರಂಕುಗಳ ಸಮಸ್ಯೆಯೇ ಇದು. ಐನ್‌ಮನೆಯಲ್ಲಿ ಅಣ್ಣತಮ್ಮಂದಿರ ಸಾಮಾನು ಒಂದೇ ಅಟ್ಟ ಸೇರುತ್ತದೆ. ಒಬ್ಬರು ತೀರಿಕೊಂಡ ಮೇಲೆ ಅವರದ್ದನ್ನು ಇನ್ನೊಬ್ಬರ ಟ್ರಂಕಿಗೆ ತುಂಬುತ್ತಾರೆ. ಎರಡು ತಲೆಮಾರು ಕಳೆಯುವ ಹೊತ್ತಿಗೆ ಮಕ್ಕಳು ಮರಿ ಇದ್ದವರ ಹೆಸರು ಉಳಿಯುತ್ತದೆ, ಇಲ್ಲದವರ ಕಥೆಯೂ ಅವರ ಲೆಕ್ಕಕ್ಕೇ ಜಮೆಯಾಗುತ್ತದೆ. ದೊಡ್ಡಪ್ಪ ಮತ್ತು ಅತ್ತೆ ಇಬ್ಬರ ಮಾತೂ ಸರಿ ಇರಬಹುದು, ಇಬ್ಬರು ಬೇರೆ ಬೇರೆ ಮನುಷ್ಯರ ಬಗ್ಗೆ.

ಇದು ಕೊಡಗಿಗೆ ಹೊಸದೂ ಅಲ್ಲ. ತಿಮ್ಮಯ್ಯನವರು 1945ರ ಜನವರಿಯಲ್ಲಿ ಬರ್ಮಾದ ಅರಕಾನ್‌ನ ಕಾಂಗಾವ್‌ನಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ ನಡೆಸುತ್ತಿದ್ದರು. ಅವರ ಸ್ವಂತ ಅಣ್ಣ ಪೊನ್ನಪ್ಪ ಸಿಂಗಾಪುರದಲ್ಲಿ ಸೆರೆಸಿಕ್ಕಿ ಆಜಾದ್ ಹಿಂದ್ ಫೌಜು ಸೇರಿದ್ದರು. ಒಂದೇ ಮನೆಯ ಇಬ್ಬರು ಮಕ್ಕಳು ಎದುರುಬದುರು. ಅಂಥ ಮನೆಗಳು ಬೇರೆಯೂ ಇದ್ದವು, ಅವು ಸುದ್ದಿಯಾಗಲಿಲ್ಲ ಅಷ್ಟೇ.

ಆದರೂ ಊಹೆಯನ್ನು ಇಲ್ಲಿಗೇ ನಿಲ್ಲಿಸೋಣ. ಎರಡನೆಯ ಜೋಡಿ ಅಜ್ಜಿಯ ತಮ್ಮನದ್ದಾಗಿರಬಹುದು, ದಾಯಾದಿಯೊಬ್ಬರದ್ದಾಗಿರಬಹುದು. ಇತ್ಯರ್ಥ ಮಾಡಬೇಕಾದ್ದು ನಂಬರು.

ಬ್ರಿಟಿಷ್ ಸೈನಿಕರಿಗೆ ಎರಡನೇ ಯುದ್ಧದ ಪದಕಗಳನ್ನು ಹೆಸರು ಹಾಕದೆ ಕೊಟ್ಟರು. ಭಾರತೀಯ ಸೈನಿಕರ ಪದಕದ ಮೇಲೆ ನಂಬರು, ಹುದ್ದೆ, ಹೆಸರು, ದಳ ಒತ್ತಿ ಕೊಡುವ ಕ್ರಮವಿತ್ತು. ನಕ್ಷತ್ರದಲ್ಲಿ ಅದು ಹಿಂಬದಿಗೆ ಇರುತ್ತದೆ, ದುಂಡು ಪದಕದಲ್ಲಿ ಅಂಚಿನ ಸುತ್ತ. ಅಕ್ಷರ ಬಹಳ ಸಣ್ಣದು, ತೆಳುವಾಗಿ ಒತ್ತಿದ್ದು. ನೆಟ್ಟಗೆ ದೀಪ ಹಿಡಿದರೆ ಏನೂ ಕಾಣುವುದಿಲ್ಲ. ಸಂಜೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪದಕದ ಮಟ್ಟಕ್ಕೇ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ. ಅಕ್ಷರದ ಗುಂಡಿಯಲ್ಲಿ ನೆರಳು ನಿಲ್ಲುತ್ತದೆ, ಆಗ ಓದಬಹುದು. ಪದಕವನ್ನು ಮೆಲ್ಲಗೆ ತಿರುಗಿಸುತ್ತಾ ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆಯಿರಿ. ಐದೂ ಪದಕಗಳಿಗೆ ಇದನ್ನು ಮಾಡಿ, ಯಾವ ನಂಬರು ಯಾವುದರಲ್ಲಿ ಎಂದು ಬರೆದಿಡಿ.

ಇದಕ್ಕೇ ಉಜ್ಜಬೇಡಿ ಎನ್ನುತ್ತೇನೆ. ಬ್ರಾಸೋ ಹಾಕಿ ಹೊಳಪು ಬರಿಸಿದ ಪದಕ ಗೋಡೆಗೆ ಚೆನ್ನ, ಆದರೆ ಪ್ರತಿ ಸಲ ಉಜ್ಜಿದಾಗಲೂ ಹೆಸರು ಒಂದಿಷ್ಟು ಸವೆಯುತ್ತದೆ. ಕೊಡಗಿನಲ್ಲಿ ವರ್ಷಕ್ಕೊಮ್ಮೆ ಆಯುಧ ಶುಚಿ ಮಾಡುವ ಪದ್ಧತಿ ಇರುವುದರಿಂದ ಪದಕವನ್ನೂ ಕೋವಿ, ಒಡಿಕತ್ತಿಯ ಜೊತೆ ಉಜ್ಜುವ ಮನೆಗಳನ್ನು ನೋಡಿದ್ದೇನೆ. ಅಲ್ಲಿ ನಕ್ಷತ್ರದ ಹಿಂಬದಿ ಕನ್ನಡಿಯಂತಿರುತ್ತದೆ, ಓದಲು ಏನೂ ಉಳಿದಿರುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ರಿಬ್ಬನ್ ಎಷ್ಟೇ ಮಾಸಿದ್ದರೂ ಬದಲಿಸಬೇಡಿ. ವಾರ್ ಮೆಡಲಿನ ರಿಬ್ಬನ್ ಮೇಲೆ ಕಂಚಿನ ಸಣ್ಣ ಎಲೆಯೊಂದು ಇದೆಯೇ ನೋಡಿ. ಇದ್ದರೆ ಅದು ಸೇನಾ ವರದಿಯಲ್ಲಿ ವಿಶೇಷವಾಗಿ ಹೆಸರಿಸಲ್ಪಟ್ಟವರ ಗುರುತು, ಹೊಸ ರಿಬ್ಬನ್ ಹಾಕಿಸುವಾಗ ಮೊದಲು ಕಳೆದುಹೋಗುವುದೂ ಅದೇ.

ನಂಬರಿಗೆ ಇಷ್ಟು ಜೋತು ಬೀಳುವುದಕ್ಕೆ ಕಾರಣ ನಮ್ಮ ಹೆಸರುಗಳು. ಕೊಡವರ ಹೆಸರಿನಲ್ಲಿ ಮನೆಹೆಸರು, ತಂದೆಯ ಹೆಸರು, ಸ್ವಂತ ಹೆಸರು ಬರುತ್ತವೆ. ಸೇನೆಯ ಗುಮಾಸ್ತ ಮೊದಲೆರಡನ್ನು ಒಂದೊಂದು ಅಕ್ಷರಕ್ಕೆ ಇಳಿಸಿದ. ಅಣ್ಣತಮ್ಮಂದಿರಿಗೆ ಆ ಎರಡು ಅಕ್ಷರ ಒಂದೇ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಬೇರೆ. ಕಾಗುಣಿತವಂತೂ ಬರೆದವನ ಕಿವಿಗೆ ಬಿಟ್ಟದ್ದು: ಕಾರ್ಯಪ್ಪ, ತಿಮ್ಮಯ್ಯ, ಪೂಣಚ್ಚ ಇವನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆದ ದಾಖಲೆಗಳಿವೆ. ಹುಡುಕುವಾಗ ಎಲ್ಲವನ್ನೂ ಹಾಕಿ ನೋಡಬೇಕು. ಊರಿನ ಹೆಸರೂ ಅಂದಿನದ್ದೇ ಬೇಕು, ಅಂದರೆ ಕೊಡಗಿಗೆ ಕೂರ್ಗ್, ಮಡಿಕೇರಿಗೆ ಮರ್ಕೆರಾ, ಕುಶಾಲನಗರಕ್ಕೆ ಫ್ರೇಸರ್‌ಪೇಟೆ. ಇನ್ನೊಂದು ಗುಂಡಿಯೂ ಇದೆ. ಮನೆಯಲ್ಲಿ 'ಸುಬೇದಾರಜ್ಜ' ಎಂದು ಕರೆಯುವವರೆಲ್ಲ ಸೈನಿಕರಲ್ಲ. ಬ್ರಿಟಿಷರ ಕೊಡಗಿನಲ್ಲಿ ತಾಲೂಕಿನ ಕಂದಾಯ ಅಧಿಕಾರಿಯೂ ಸುಬೇದಾರನೇ.

ಈಗ ಬರ್ಮಾ ಸ್ಟಾರ್. ಇದ್ದವರೆಲ್ಲ ಬರ್ಮಾದ ಕಾಡಿನಲ್ಲಿ ಜಪಾನಿಯರೊಡನೆ ಕೈಕೈ ಮಿಲಾಯಿಸಿದರು ಎಂದು ನಂಬುವವರು ಬಹಳ. 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಬರ್ಮಾ ಕಾರ್ಯಾಚರಣೆಗೆ ಕೊಟ್ಟ ಪದಕ ಅದು. 1942ರ ಮೇ ತಿಂಗಳಿಂದ 1943ರ ಕೊನೆಯವರೆಗೆ ಬಂಗಾಳ ಅಥವಾ ಅಸ್ಸಾಮಿನಲ್ಲಿ ಕರ್ತವ್ಯದಲ್ಲಿದ್ದ ಸೈನಿಕರಿಗೂ ಅದು ಸಿಕ್ಕಿದೆ. ಹೀಗಾಗಿ ಪದಕದಿಂದ ಅಜ್ಜ ಯಾವ ದಿಕ್ಕಿಗೆ ಹೋದರು ಎಂಬುದಷ್ಟೇ ಗೊತ್ತಾಗುತ್ತದೆ. ಏನು ಮಾಡಿದರು ಎಂಬುದಕ್ಕೆ ಗೆದ್ದಲು ಬಿಟ್ಟ ಆ ಅಕ್ಷರಗಳೇ ಹೆಚ್ಚು ನೆರವಾಗುತ್ತವೆ. ಆರ್.ಐ.ಎ.ಎಸ್.ಸಿ. ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಇಂದಿನ ಎ.ಎಸ್.ಸಿ.ಯ ಪೂರ್ವರೂಪ. ಲಾರಿ, ಹೇಸರಗತ್ತೆ, ಅಕ್ಕಿ, ಅಟ್ಟಾ, ಪೆಟ್ರೋಲು, ಮದ್ದುಗುಂಡು ಇವನ್ನು ಮುಂಚೂಣಿಗೆ ಮುಟ್ಟಿಸುವ ದಳ.

ಹಾಗಿದ್ದರೆ ಅಜ್ಜ ತಿಮ್ಮಯ್ಯನವರ ಬೆಟಾಲಿಯನ್ನಿನ ಸಿಪಾಯಿಯಾಗಿರಲಿಲ್ಲ. ದೊಡ್ಡಪ್ಪನಿಗೆ ಬೇಸರವಾಗಬಹುದು. ಆದರೆ ಯುದ್ಧಕ್ಕೆ ಹೋದ ಕೊಡಗಿನ ಪ್ರತಿ ಅಜ್ಜನೂ ಒಂದೋ ಕಾರ್ಯಪ್ಪನವರ ಜೀಪು ಓಡಿಸಿದವರು, ಇಲ್ಲವೇ ತಿಮ್ಮಯ್ಯನವರ ಪಕ್ಕದ ಕಂದಕದಲ್ಲಿದ್ದವರು! ಮನೆಮನೆಯಲ್ಲಿ ಕೇಳಿ ನನಗೆ ಅಭ್ಯಾಸವಾಗಿದೆ. ಎಲ್ಲೋ ಒಂದು ಡಿಪೋದಲ್ಲಿ 'ನೀ ಯಾವ ಮನೆಯವ' ಎಂದು ಆ ದೊಡ್ಡವರು ಕೇಳಿದ್ದಿರಬಹುದು. ಮನೆಗೆ ಬರುವ ಹೊತ್ತಿಗೆ ಅದು ಒಟ್ಟಿಗೆ ಹೋರಾಡಿದ್ದಾಯಿತು. 1944ರಲ್ಲಿ ಇಂಫಾಲ ಮುತ್ತಿಗೆಗೆ ಸಿಕ್ಕಿದಾಗ ದಿಮಾಪುರದ ಕಡೆಯಿಂದ ಅನ್ನ ಮದ್ದು ಹೊತ್ತ ರಸ್ತೆಯೇ ಕಡಿದುಹೋಯಿತು, ಒಳಗಿದ್ದವರ ಜೀವ ವಿಮಾನದ ಸರಬರಾಜಿನ ಮೇಲೆ ನಿಂತಿತು. ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಲಾರಿ ಓಡಿಸಿದವರ ಕೆಲಸ ಚಿಕ್ಕದಲ್ಲ. ಶೌರ್ಯ ಪ್ರಶಸ್ತಿಯ ಮಾತು ಮನೆಯಲ್ಲಿ ಎದ್ದರೆ ಪರೀಕ್ಷೆ ಸುಲಭ: ಅಂಥದ್ದೆಲ್ಲ ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗಿದೆ, ಗೆಜೆಟ್ಟನ್ನು ಇಂಟರ್‌ನೆಟ್‌ನಲ್ಲೇ ಹುಡುಕಬಹುದು.

ಜಪಾನೀ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿ. ಗೆದ್ದ ಪ್ರತಿ ದೇಶಕ್ಕೂ ಜಪಾನ್ ಬೇರೆ ನೋಟು ಅಚ್ಚು ಮಾಡಿತ್ತು, ಗುರುತಿನ ಮೊದಲ ಅಕ್ಷರದಲ್ಲೇ ದೇಶ ಗೊತ್ತಾಗುತ್ತದೆ. ಇಂಗ್ಲಿಷಿನ ಬಿ ಇದ್ದರೆ ಬರ್ಮಾ, ಅದು ರೂಪಾಯಿಯಲ್ಲಿ. ಎಮ್ ಇದ್ದರೆ ಮಲಯಾ, ಡಾಲರಿನಲ್ಲಿ. ಮಲಯಾದ ಹತ್ತು ಡಾಲರಿನ ಮೇಲೆ ಬಾಳೆಗಿಡದ ಚಿತ್ರವಿದೆ. ಟ್ರಂಕಿನಲ್ಲಿ ಎರಡೂ ಇದ್ದರೆ ಇಬ್ಬರ ಲೆಕ್ಕಕ್ಕೆ ಇನ್ನಷ್ಟು ಬಲ ಬರುತ್ತದೆ, ಆದರೆ ರುಜುವಾತು ಎನ್ನಲಾಗದು. ಜಪಾನ್ ಶರಣಾದ ಮೇಲೆ, 1945ರ ಸೆಪ್ಟೆಂಬರಿನಲ್ಲಿ, ಭಾರತೀಯ ಪಡೆಗಳು ಮಲಯಾದಲ್ಲಿ ಇಳಿದವು. ಬೆಲೆಯಿಲ್ಲದ ಆ ನೋಟುಗಳನ್ನು ಸೈನಿಕರು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಬಂದರು.

ಚಿಕ್ಕಜ್ಜನ ಜಾಡು ಹಿಡಿಯುವುದು ಹೆಚ್ಚು ಕಷ್ಟ, ಹೆಚ್ಚು ಮುಖ್ಯವೂ ಹೌದು. ಸಿಂಗಾಪುರ ಬಿದ್ದದ್ದು 1942ರ ಫೆಬ್ರುವರಿ 15ಕ್ಕೆ. ಎರಡು ದಿನದ ನಂತರ ಸುಮಾರು 45,000 ಭಾರತೀಯ ಸೈನಿಕರನ್ನು ಫಾರರ್ ಪಾರ್ಕಿನಲ್ಲಿ ಸೇರಿಸಿ ಜಪಾನಿಯರ ವಶಕ್ಕೆ ಒಪ್ಪಿಸಿದರು. ಅವರಲ್ಲಿ ಹಲವರು ಫೌಜು ಸೇರಿದರು, ಹಲವರು ಸೇರಲಿಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ವಿಚಾರಣೆ ನಡೆಸಿ, ತಮಗೆ ಎಷ್ಟು ನಿಷ್ಠರು ಎಂಬುದರ ಮೇಲೆ ಬಿಳಿ, ಬೂದು, ಕಪ್ಪು ಎಂದು ಮೂರು ಬಗೆ ಮಾಡಿದರು. ಬಿಳಿ ಎನಿಸಿಕೊಂಡವರು ಸೇವೆಗೆ ಮರಳಿದರು. ಕಪ್ಪು ಎನಿಸಿಕೊಂಡವರನ್ನು ಸಂಬಳವೂ ಇಲ್ಲದೆ ವಜಾ ಮಾಡಿದರು. ವಜಾ ಆದ ಮಗ ಮನೆಗೆ ಬಂದಾಗ, ಅಣ್ಣನ ಪಿಂಚಣಿಗೆ ತೊಂದರೆಯಾದೀತೆಂದೋ ಊರವರ ಬಾಯಿಗೆ ಹೆದರಿಯೋ ಮನೆಯವರು ಸುಮ್ಮನಾದ ನಿದರ್ಶನಗಳಿವೆ.

ಹಾಗೆಂದು ಎರಡನೆಯ ಜೋಡಿ ಪದಕ ಫೌಜಿನವರದ್ದೇ ಎಂದು ಬರೆದುಬಿಡಬೇಡಿ. ಮಲಯಾದ ಯುದ್ಧಕ್ಕೆ ಸಿಗಬೇಕಾದ್ದು ಪೆಸಿಫಿಕ್ ಸ್ಟಾರ್, ಅದು ನಿಮ್ಮ ಟ್ರಂಕಿನಲ್ಲಿಲ್ಲ. ಕಳೆದಿರಬಹುದು. ಆ ಸೈನಿಕ 1941ರಲ್ಲಿ ಇರಾಕ್, ಇರಾನ್ ಕಡೆ ಹೋಗಿದ್ದರೆ ಬೇರೆ ನಕ್ಷತ್ರವಿಲ್ಲದೆ 1939–45 ಸ್ಟಾರ್ ಒಂದೇ ಸಿಕ್ಕಿರುವುದೂ ಸಹಜ. ಮತ್ತೆ, ಕಪ್ಪು ಪಟ್ಟಿಯಲ್ಲಿ ವಜಾ ಆದವರ ಮನೆಯಲ್ಲಿ ಬ್ರಿಟಿಷ್ ಪದಕ ಇರುವುದು ಅಪರೂಪವೇ. ಈ ಮೂರೂ ಸಾಧ್ಯತೆಗಳನ್ನು ಕೈಯಲ್ಲಿಟ್ಟುಕೊಂಡು ಕಾಗದ ಹುಡುಕಿ. ಫೌಜಿನವರು ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಹರು, ಕೇಂದ್ರದ ಆ ಯೋಜನೆ ಶುರುವಾದದ್ದು 1972ರಲ್ಲಿ. ಚಿಕ್ಕಜ್ಜ ಆಗ ಬದುಕಿದ್ದರೆ ಅರ್ಜಿ ಹಾಕಿರಬಹುದು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹಳೆಯ ಕಡತ ಕೇಳಿ ನೋಡಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಫೌಜಿನ ಕಡತಗಳಿವೆ, ಅದರ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಅಜ್ಜನ ವಿಷಯಕ್ಕೆ ನೀವು ಬರೆಯಬೇಕಾದ್ದು ಎ.ಎಸ್.ಸಿ.ಯ ದಾಖಲೆ ಕಚೇರಿಗೆ, ಅದು ಬೆಂಗಳೂರಿನಲ್ಲಿದೆ. ನಂಬರು, ಹುದ್ದೆ, ಹೆಸರಿನ ಎಲ್ಲ ಕಾಗುಣಿತ, ಅಂದಿನ ಊರು, ನಿಮ್ಮ ಸಂಬಂಧ ತೋರಿಸುವ ಕಾಗದ ಇಷ್ಟನ್ನು ಸೇರಿಸಿ ಸಾದಾ ಅರ್ಜಿಯನ್ನೇ ಮೊದಲು ಕಳಿಸಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ. ಮೊದಲ ಪತ್ರವನ್ನೇ ಮಾಹಿತಿ ಹಕ್ಕಿನಲ್ಲಿ ಬರೆದರೆ ನಿಯಮದಲ್ಲಿರುವಷ್ಟೇ ಉತ್ತರ ಬರುತ್ತದೆ. ಸಾದಾ ಅರ್ಜಿಗಾದರೆ ಯಾರಾದರೂ ಹವಾಲ್ದಾರರು ಆಸಕ್ತಿಯಿಂದ ಕಪಾಟು ತೆಗೆದದ್ದೂ ಉಂಟು. ನಿರೀಕ್ಷೆ ಮಾತ್ರ ಮಿತವಾಗಿರಲಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವುದು ಸೇನೆಯ ನಿಯಮ, ಯುದ್ಧಕ್ಕೆಂದು ಸೇರಿ 1946ರ ಹೊತ್ತಿಗೆ ಮನೆಗೆ ಬಂದವರಲ್ಲಿ ಹೆಚ್ಚಿನವರು ಆ ಗುಂಪಿನವರೇ. ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದ ಒಂದು ಸಾಲು.

ಆ ಕೊರತೆಯನ್ನು ತುಂಬುವ ಮಾರ್ಗ ಕೊಡಗಿನಲ್ಲೇ ಇದೆ. ಯುದ್ಧದಲ್ಲಿದ್ದು ಪಿಂಚಣಿ ಸಿಗದವರಿಗೆ, ಅವರ ವಿಧವೆಯರಿಗೆ ಸೈನಿಕ ಕಲ್ಯಾಣ ಇಲಾಖೆಯ ಮೂಲಕ ಸಹಾಯಧನ ಬರುತ್ತಿತ್ತು. ಅಜ್ಜಿ ಎಂದಾದರೂ ಅರ್ಜಿ ಹಾಕಿದ್ದರೆ, ಗೆದ್ದಲು ಹಿಡಿಯುವ ಮುಂಚಿನ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಆ ಕಡತದಲ್ಲಿ ಕೂತಿರಬಹುದು. ಮಡಿಕೇರಿಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ನಿಮಗೆ ಉಪಯೋಗವಿಲ್ಲ, ಅದರಲ್ಲಿರುವುದು ಸತ್ತವರ ಹೆಸರು ಮಾತ್ರ. ಆದರೆ ಫೋಟೋದ ಐವರಲ್ಲಿ ಯಾರಾದರೂ ಹಿಂದಿರುಗಲಿಲ್ಲವೆಂದು ಗೊತ್ತಾದರೆ ಅಲ್ಲಿ ನೋಡಿ. ರಂಗೂನ್ ಸ್ಮಾರಕವೊಂದರಲ್ಲೇ ಸುಮಾರು 27,000 ಹೆಸರುಗಳಿವೆ, ಹೆಚ್ಚಿನವು ಭಾರತೀಯರವು. ಫೋಟೋದಲ್ಲಿ ತೋಳಿನ ಪಟ್ಟಿಯನ್ನೂ ದೊಡ್ಡದು ಮಾಡಿ ನೋಡಿ. ಬೆಕ್ಕಿದ್ದರೆ 17ನೇ ಡಿವಿಷನ್, ಬಾಣವಿದ್ದರೆ 7ನೆಯದು.

ಇನ್ನು ಆ ಕಾಗದಗಳು. ನನ್ನ ಮಟ್ಟಿಗೆ ಟ್ರಂಕಿನ ಬೆಲೆಯೆಲ್ಲ ಅಲ್ಲಿದೆ. ಊರಿನ ಹೆಸರು ಬರೆಯಲು ಸೆನ್ಸಾರ್ ಬಿಡುತ್ತಿರಲಿಲ್ಲ, ಆದರೆ ಅಂಚೆ ಮುದ್ರೆಯಲ್ಲಿ ಫೀಲ್ಡ್ ಪೋಸ್ಟಾಫೀಸಿನ ನಂಬರು ಮತ್ತು ತಾರೀಖು ಇರುತ್ತದೆ. ಯಾವ ನಂಬರಿನ ಅಂಚೆ ಯಾವಾಗ ಎಲ್ಲಿತ್ತು ಎಂಬ ಪಟ್ಟಿಗಳನ್ನು ಅಂಚೆ ಇತಿಹಾಸದ ಹವ್ಯಾಸಿಗಳು ಮಾಡಿದ್ದಾರೆ. ಹತ್ತು ಲಕೋಟೆಯನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಅಜ್ಜ ನಡೆದ ದಾರಿ ಮೇಜಿನ ಮೇಲೆ ಬರುತ್ತದೆ. ಹಾಗಾಗಿ ಲಕೋಟೆಯಿಂದ ಕಾಗದವನ್ನು ಬೇರೆ ಮಾಡಬೇಡಿ, ಕಟ್ಟು ಬಿಚ್ಚುವ ಮುಂಚೆ ಇದ್ದ ಕ್ರಮದಲ್ಲೇ ಒಂದು ಫೋಟೋ ತೆಗೆದಿಡಿ. ಎಲ್ಲವೂ ಅಜ್ಜಿಗೇ ಬರೆದದ್ದೇ, ಕೈಬರಹ ಒಂದೇ ಇದೆಯೇ ಎಂದೂ ನೋಡಿ. ಚಿಕ್ಕಜ್ಜ ಅತ್ತಿಗೆಗೆ ಬರೆದ ಒಂದು ಕಾಗದ ಸಿಕ್ಕರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ನೇರಳೆ ಅಕ್ಷರದ ಬಗ್ಗೆ ಹುಷಾರು. ಅದು ಕಾಪಿಯಿಂಗ್ ಪೆನ್ಸಿಲ್. ಒಣಗಿದ್ದಾಗ ಬೂದು, ತೇವ ತಗಲಿದ ಕೂಡಲೇ ನೇರಳೆಯಾಗಿ ಹರಡುತ್ತದೆ. ನಿಮ್ಮ ಕಾಗದ ನೇರಳೆಯಾಗಿದೆ ಎಂದರೆ ನಾಪೋಕ್ಲಿನ ಮಳೆಗಾಲದ ತೇವ ಈಗಾಗಲೇ ಕುಡಿದಿದೆ. ಒದ್ದೆ ಬಟ್ಟೆ, ಉಗುಳು ಹಚ್ಚಿದ ಬೆರಳು ಎರಡೂ ಬೇಡ. ಬೂಷ್ಟು ಹಿಡಿದಿದ್ದರೆ ಬಿಸಿಲಿಗೆ ಹಾಕಬೇಡಿ. ಗಾಳಿಯಾಡುವ ನೆರಳಿನಲ್ಲಿ ಆರಿಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಲ್ಲಿ ಹೊರಗೆ ಕೂತು ಕೊಡವಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಾಡಿದ ಮೇಲೆ ಬಿಡಿಸಲಾಗದು, ಒಳಗೆ ಕಾಗದ ಹಳದಿಯಾಗಿ ಬೇಯುತ್ತದೆ, ಆ ಬಿಸಿಗೆ ನೇರಳೆ ಅಕ್ಷರ ಏನಾದೀತೆಂದು ಹೇಳಬೇಕಿಲ್ಲ. ಸೆಲೋಟೇಪೂ ಹಾಗೆಯೇ. ಎರಡೂ ಬದಿಯ ಫೋಟೋ ಅಥವಾ ಸ್ಕ್ಯಾನ್ ತೆಗೆದು, ಗಂಜಿ ಹಾಕದ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿಡಿ. ಅಟ್ಟಕ್ಕೆ ಮಾತ್ರ ವಾಪಸ್ ಏರಿಸಬೇಡಿ. ಫ್ರೇಮ್ ಬೇಕೇ ಬೇಕೆಂದರೆ ಕಾಗದದ ಬಣ್ಣದ ನಕಲನ್ನು ಹಾಕಿಸಿ. ಟ್ರಂಕಿನ ಅಡಿಯಲ್ಲಿ ಗುಂಡೋ ಮದ್ದೋ ಸಿಕ್ಕಿದರೆ ಕೈ ಹಾಕದೆ ಪೊಲೀಸರಿಗೆ ತಿಳಿಸಿ. ಕೊಡವರಾದ ನಮಗೆ ಕೋವಿ ಇಟ್ಟುಕೊಳ್ಳಲು ಇರುವ ಲೈಸೆನ್ಸ್ ವಿನಾಯಿತಿ ಅದಕ್ಕೆಲ್ಲ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ದೊಡ್ಡಪ್ಪ ಮತ್ತು ಅತ್ತೆಯನ್ನು ಒಟ್ಟಿಗೆ ಕೂರಿಸಿ ಕೇಳಬೇಡಿ, ಜಗಳವಾಗುತ್ತದೆ. ಒಬ್ಬೊಬ್ಬರನ್ನೇ ಕೂರಿಸಿ, ಕೈಗೆ ಆ ಫೋಟೋ ಕೊಟ್ಟು, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. 'ಯಾವ ಯುದ್ಧ' ಎಂದು ಕೇಳಿದರೆ ಸಿನಿಮಾ ಕಥೆ ಬರುತ್ತದೆ. ಮನಿಯಾರ್ಡರ್ ಎಲ್ಲಿಂದ ಬರುತ್ತಿತ್ತು, ಕಾಗದ ಯಾರು ಓದಿ ಹೇಳುತ್ತಿದ್ದರು, ಇಬ್ಬರೂ ಒಂದೇ ವರ್ಷ ಬಂದರೇ, ಬಂದ ಮೇಲೆ ಚಿಕ್ಕಜ್ಜ ಏನು ಕೆಲಸ ಮಾಡಿದರು ಎಂದು ಕೇಳಿ. ಈ ಮಾತು ಯಾರಿಂದ ಕೇಳಿದ್ದು ಎಂಬುದನ್ನೂ ಬರೆದುಕೊಳ್ಳಿ. ಅತ್ತೆಗೆ ಅದನ್ನು ಹೇಳಿದ್ದು ಅಜ್ಜಿಯಾದರೆ ತೂಕ ಬೇರೆ, ಊರ ಹಬ್ಬದಲ್ಲಿ ಯಾರೋ ಹೇಳಿದ್ದಾದರೆ ಬೇರೆ.

ಕೊನೆಗೆ ಬೆಂಗಳೂರಿನವರ ವಿಷಯ. ಈ ಪದಕಗಳನ್ನು ಲಕ್ಷಗಟ್ಟಲೆ ಅಚ್ಚು ಮಾಡಿದ್ದಾರೆ, ಒಂಟಿಯಾಗಿ ದೊಡ್ಡ ಬೆಲೆ ಇಲ್ಲ, ಜಪಾನೀ ನೋಟಿಗೆ ಇನ್ನೂ ಕಡಿಮೆ. ಒಟ್ಟಿಗೆ ಬೇಕು ಎನ್ನುವುದೇ ಅದಕ್ಕೆ. ಹೆಸರು, ಕಾಗದ, ಫೋಟೋ ಸೇರಿದಾಗ ಬೆಲೆ ಏರುತ್ತದೆ, ಕೊಂಡ ಮೇಲೆ ಬಿಡಿಬಿಡಿಯಾಗಿ ಮಾರುವುದೂ ಇದೆ. ಇನ್ನೊಂದು ತೊಡಕು: 75 ವರ್ಷ ದಾಟಿದ ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರಬಹುದು, ಅಂಥವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಕೊಂಡವರು ಕಳಿಸಿದರೆ ವಿಚಾರಣೆ ನಿಮ್ಮ ಬಾಗಿಲಿಗೂ ಬಂದೀತು. ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಮಡಿಕೇರಿಯಲ್ಲಿ ತಿಮ್ಮಯ್ಯನವರ ಹುಟ್ಟುಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ, ಅಲ್ಲಿ ವಿಚಾರಿಸಬಹುದು. ಯಾರಿಗೆ ಕೊಟ್ಟರೂ ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಕೊಡಿ, ದಾನವೋ ಎರವಲೋ ಎಂಬುದು ಅದರಲ್ಲೇ ಇರಲಿ. ಟ್ರಂಕು ಇಡೀ ಒಕ್ಕಕ್ಕೆ ಸೇರಿದ್ದು, ಆದ್ದರಿಂದ ಪಟ್ಟೇದಾರರ (ಒಕ್ಕದ ಹಿರಿಯರ) ಮತ್ತು ದೊಡ್ಡಪ್ಪನ ಒಪ್ಪಿಗೆಯೂ ಕಾಗದದಲ್ಲಿರಬೇಕು. ಅದಕ್ಕೆಲ್ಲ ಮುಂಚೆ ಐದು ಪದಕಗಳ ಟಾರ್ಚ್ ಫೋಟೋ ಕಳಿಸಿ. ನಂಬರು ಎರಡು ಬಗೆಯಾಗಿದ್ದರೆ, ಎರಡನೆಯದನ್ನು ಯಾವ ದಾಖಲೆ ಕಚೇರಿಗೆ ಬರೆಯಬೇಕೆಂದು ತಿಳಿಸುತ್ತೇನೆ.